ರದ್ದು ಮಾಲಿಗೆ ಕೊಟ್ಟ ಒಂದೇ ಕೋಡ್

ನಾನು ನಿಂತಿದ್ದದ್ದು ಜೇವರ್ಗಿ ಗೋದಾಮಿನ ಎರಡನೇ ಬಾಗಿಲಿನ ಒಳಗೆ, ತೂಕದ ಯಂತ್ರಕ್ಕೂ ಚೀಲ ಹೊಲಿಯುವ ಯಂತ್ರಕ್ಕೂ ನಡುವೆ. ತೊಂಬತ್ತರ ದಶಕದ ಮೊದಲ ಭಾಗ, ಮೇ ತಿಂಗಳ ಕೊನೆಯ ಮಂಗಳವಾರ, ಬೆಳಿಗ್ಗೆ ಹತ್ತೂವರೆ ದಾಟಿತ್ತು. ಗಡಿಯಾರ ನೋಡಿದ್ದು ಚೆನ್ನಾಗಿ ನೆನಪಿದೆ. ಹನ್ನೊಂದಕ್ಕೆ ಕರೆಂಟು ಹೋಗುವುದಿತ್ತು, ಅಷ್ಟರೊಳಗೆ ಆ ಸಾಲಿನ ಚೀಲಗಳ ಹೊಲಿಗೆ ಮುಗಿಯಬೇಕಿತ್ತು.

ನನ್ನ ಕಾಲ ಬಳಿ ನೆಲದ ಮೇಲೆ ಕರಿ ಕಂಬಳಿಯಿಂದ ಬಿಡಿಸಿದ ಉಣ್ಣೆಯ ಎಳೆಗಳು ಬಿದ್ದಿದ್ದವು. ಹಳೆಯ ಕೈಹೊಲಿಗೆ ಬಿಚ್ಚುವಾಗ ಕೆಲವು ಚೀಲಗಳ ಬಾಯಿಂದ ಅವು ಉದುರಿದ್ದವು. ಕಸ ಗುಡಿಸುವವಳು ಅವನ್ನು ಗೋಣಿದಾರದ ಜೊತೆಗೇ ಗುಡಿಸುತ್ತಿದ್ದಳು. ಹಮಾಲರ ಮೇಲಾಳು, ಅಂದರೆ ಮುಕಾದಮ, ಅದರಲ್ಲಿ ಒಂದು ಎಳೆಯನ್ನು ಹೆಕ್ಕಿ ಬೆರಳಿಗೆ ಸುತ್ತಿಕೊಂಡು ನನ್ನ ಹತ್ತಿರ ಬಂದ.

“ಇದನ್ನ ಇನ್ನ ಎಲ್ಲಿ ಕಟ್ಟೂದ್ರಿ ಸಾಹೇಬ್ರ?” ಎಂದು ಕೇಳಿದ.

“ಇನ್ನ ಏನೂ ಕಟ್ಟೂದಿಲ್ಲ. ಎಲ್ಲಾ ಚೀಟ್ಯಾಗ ಬರ್ತದ” ಎಂದೆ.

ಅವನು ಚೀಲದ ಮೇಲೆ ಹೊಸದಾಗಿ ಅಂಟಿಸಿದ್ದ ಚೀಟಿಯನ್ನು ಸ್ವಲ್ಪ ಹೊತ್ತು ನೋಡಿದ. ಅವನಿಗೆ ಓದು ಬರುತ್ತಿರಲಿಲ್ಲ. ತಲೆಯಾಡಿಸಿ ಹೋದ. ಆ ಎಳೆ ಯಾತಕ್ಕೆ ಎಂದು ನಾನು ಕೇಳಲಿಲ್ಲ. ಅದು ಔಷಧ ಹಚ್ಚಿದ ಬೀಜದ ಗುರುತು, ಆ ಎಳೆ ಇರುವ ಚೀಲ ಮನುಷ್ಯರು ತಿನ್ನುವ ಮಾಲಿನ ಜೊತೆ ಸೇರಬಾರದು ಎಂಬುದು ನನಗೆ ಗೊತ್ತಾದದ್ದು ಒಂಬತ್ತು ದಿನಗಳ ನಂತರ.

ನಮ್ಮದು ತೊಗರಿಯ ಕಂಪನಿ. ಆಳಂದದಲ್ಲಿ ಬೇಳೆ ಗಿರಣಿ ಮತ್ತು ಮುಖ್ಯ ಕಚೇರಿ, ಅಫಜಲಪುರದಲ್ಲಿ ಬಿತ್ತನೆ ಬೀಜ ಆರಿಸುವ ಘಟಕ, ಜೇವರ್ಗಿಯಲ್ಲಿ ದೊಡ್ಡ ಗೋದಾಮು. ಒಂದೇ ತೊಗರಿ ಒಂದು ಕಡೆ ಬೀಜವಾಗುತ್ತಿತ್ತು, ಇನ್ನೊಂದು ಕಡೆ ಬೇಳೆಯಾಗುತ್ತಿತ್ತು. ನಾನು ಸ್ಟೋರ್ಸ್ ಅಧಿಕಾರಿ. ಮೂರೂ ಊರಿನ ಖರೀದಿ, ದಾಸ್ತಾನು, ಗಿರಣಿ, ರವಾನೆ ಎಲ್ಲವೂ ಒಂದೇ ಕಂಪ್ಯೂಟರ್ ವ್ಯವಸ್ಥೆಯೊಳಗೆ ಬರಬೇಕೆಂದು ಸಾವ್ಕಾರರು, ಅಂದರೆ ನಮ್ಮ ಮಾಲೀಕರು, ತೀರ್ಮಾನಿಸಿದಾಗ ಆ ಬದಲಾವಣೆಯ ಯೋಜನೆ ಬರೆಯುವ ಕೆಲಸ ನನ್ನ ಪಾಲಿಗೆ ಬಂತು.

ಸಾಫ್ಟ್‌ವೇರ್ ಕೊಟ್ಟ ಕಂಪನಿಯಿಂದ ಒಬ್ಬ ಇಂಜಿನಿಯರ್ ಬಂದು ಆಳಂದದಲ್ಲಿ ಮೂರು ತಿಂಗಳು ಉಳಿದರು. ಸೊಲ್ಲಾಪುರದ ಕಡೆಯವರು, ಮರಾಠಿ ಬೆರೆತ ಕನ್ನಡ ಮಾತಾಡುತ್ತಿದ್ದರು. ಆ ಮೂರು ತಿಂಗಳಲ್ಲಿ ನಾವು ಹೆಚ್ಚು ಹೊತ್ತು ಕಳೆದದ್ದು ಯಂತ್ರದ ಮುಂದಲ್ಲ, ಗೆರೆ ಎಳೆದ ಹಾಳೆಗಳ ಮುಂದೆ. ಗೋದಾಮಿನಲ್ಲಿರುವ ಪ್ರತಿಯೊಂದು ಮಾಲಿಗೂ ಒಂದು ಕೋಡ್ ಬೇಕು. ಕೋಡ್ ಇಲ್ಲದ ಮಾಲು ಕಂಪ್ಯೂಟರಿಗೆ ಇಲ್ಲವೇ ಇಲ್ಲ. ಒಂದು ಕೋಡಿನಡಿ ಇರುವುದೆಲ್ಲ ಅದಕ್ಕೆ ಒಂದೇ ಮಾಲು. ಇದನ್ನು ಅವರು ಮೊದಲ ದಿನವೇ ಹೇಳಿದ್ದರು. ನಾನು ಬರೆದುಕೊಂಡಿದ್ದೆ.

ಪಟ್ಟಿ ಮಾಡಲು ನಾನು ಮೂರೂ ಗೋದಾಮುಗಳ ರಿಜಿಸ್ಟರ್ ತರಿಸಿಕೊಂಡೆ. ಜೇವರ್ಗಿಯ ರಿಜಿಸ್ಟರಿನಲ್ಲಿ ಒಂದು ಕಾಲಮ್ಮಿಗೆ ‘ರದ್ದು ಮಾಲು’ ಎಂದಿತ್ತು. ಬೀಜ ಆರಿಸುವಾಗ ಸಣ್ಣಕಾಳು, ಒಡೆದ ಕಾಳು ಎಂದು ಬೇರೆಯಾಗುವುದು ಅಲ್ಲಿಗೆ ಹೋಗುತ್ತಿತ್ತು. ತಿನ್ನಲು ಅದರಲ್ಲಿ ದೋಷವಿಲ್ಲ, ಅದನ್ನು ಬೇಳೆಗೆ ಕಳಿಸುವುದು ವಾಡಿಕೆ. ಹಾಗಾಗಿ ಒಂದೇ ಕೋಡ್ ಬರೆದೆ. ಇಂಜಿನಿಯರ್ ಆ ಸಾಲಿನ ಮೇಲೆ ಪೆನ್ಸಿಲ್ ಇಟ್ಟು, “ರದ್ದು ಎಲ್ಲಾ ಒಂದೇ ನಮೂನಿದೇನ್ರಿ? ಇನ್ನೊಂದ್ ಸಲ ವಿಚಾರ ಮಾಡ್ರಿ” ಎಂದರು. ನಾನು ಒಂದೇ ಎಂದೆ. ಅವರು ಪಕ್ಕದಲ್ಲಿ ನನ್ನ ಸಹಿ ತೆಗೆದುಕೊಂಡರು. ಆ ಹಾಳೆ ಈಗಲೂ ನನ್ನ ಬಳಿ ಇದೆ.

ಅದೇ ಕಾಲಮ್ಮಿನಲ್ಲಿ ಇನ್ನೊಂದು ಮಾಲು ಕೂಡ ಇತ್ತು. ಹಿಂದಿನ ವರ್ಷ ಔಷಧದ ಪುಡಿ ಹಚ್ಚಿ, ಮಾರಾಟವಾಗದೆ ಉಳಿದು, ಮೊಳಕೆ ಪರೀಕ್ಷೆಯಲ್ಲಿ ಬಿದ್ದುಹೋದ ಬೀಜ. ನಲವತ್ತಮೂರು ಚೀಲ. ಅದನ್ನು ಮಣ್ಣಲ್ಲಿ ಹೂಳಬೇಕಿತ್ತು. ಬೇಸಿಗೆಯಲ್ಲಿ ಎರೆನೆಲ ಗುದ್ದಲಿಗೆ ಬಗ್ಗುವುದಿಲ್ಲವೆಂದು ಮೊದಲ ಮಳೆಗೆ ಕಾದಿದ್ದರು. ಪುಡಿಗೆ ಬೆರೆಸಿದ್ದ ಗುಲಾಬಿ ಬಣ್ಣ ಕೆಂಪು ತೊಗರಿಯ ಮೇಲೆ ಮೊದಲೇ ಮಂಕು. ವರ್ಷ ಕಳೆದ ಮೇಲೆ ಪುಡಿ ತಳಕ್ಕಿಳಿದು, ಮೇಲಿನ ಕಾಳು ಬರೀ ತೊಗರಿಯಂತೆಯೇ ಕಾಣುತ್ತಿತ್ತು. ರಿಜಿಸ್ಟರಿನಲ್ಲಿ ಎರಡನ್ನೂ ಬೇರೆ ಮಾಡುವ ಒಂದು ಅಕ್ಷರವೂ ಇರಲಿಲ್ಲ, ಬೇಕಾಗಿಯೂ ಇರಲಿಲ್ಲ. ಔಷಧದ ಚೀಲ ಬಂದ ಕೂಡಲೇ ಮುಕಾದಮ ಅದರ ಬಾಯಿಗೆ ಕರಿ ಎಳೆ ಹೆಣೆದು ತೆಂಕಣ ಮೂಲೆಗೆ ಹಾಕಿಸುತ್ತಿದ್ದ. ಕರಿ ಎಳೆಯ ಚೀಲವನ್ನು ಯಾವ ಹಮಾಲನೂ ಗಿರಣಿಗೆ ಹೋಗುವ ಗಾಡಿಗೆ ಏರಿಸುತ್ತಿರಲಿಲ್ಲ, ಯಾರೇ ಹೇಳಿದರೂ. ಅವನ ತಂದೆಯ ಕಾಲದಿಂದ ನಡೆದದ್ದು ಅದು. ಕಚೇರಿಯಲ್ಲಿ ಕೂತ ನಮಗೆ ಯಾರೂ ಹೇಳಿರಲಿಲ್ಲ, ನಾವೂ ಕೇಳಿರಲಿಲ್ಲ.

ಯೋಜನೆಯ ಎರಡನೇ ಭಾಗ ಎಣಿಕೆ. ಕೈಯಲ್ಲಿ ಹೊಲಿದ ಚೀಲಗಳ ತೂಕ ಒಂದೊಂದು ಥರ ಇರುತ್ತಿತ್ತು. ಕಂಪ್ಯೂಟರಿಗೆ ಚೀಲದ ಲೆಕ್ಕ ಕೊಟ್ಟರೆ ತೂಕ ತಾನೇ ಬರಬೇಕಾದರೆ ಎಲ್ಲ ಚೀಲಗಳೂ ಸಮ ತೂಕದವಾಗಿರಬೇಕು. ಆದ್ದರಿಂದ ಎಲ್ಲವನ್ನೂ ಬಿಚ್ಚಿ, ತೂಗಿ, ಬಿಳಿ ದಾರದಿಂದ ಯಂತ್ರದಲ್ಲಿ ಹೊಲಿದು, ಕೋಡಿನ ಚೀಟಿ ಅಂಟಿಸಿ, ಕೋಡಿಗೊಂದು ಸಾಲಿನಂತೆ ಪೇರಿಸಬೇಕು ಎಂದು ಬರೆದವನು ನಾನು. ಹೊಲಿಯುವವರನ್ನು ಹೊರಗಿನಿಂದ ಕರೆಸಿದ್ದೆವು. ಅವರಲ್ಲೊಬ್ಬ ಎರಡು ಸಲ ಹೊರಗೆ ಹೋಗಿ ಕಣ್ಣು ತೊಳೆದುಕೊಂಡು ಬಂದದ್ದನ್ನು ನೋಡಿದೆ. ಗೋದಾಮಿನಲ್ಲಿ ಧೂಳು ಯಾವಾಗಲೂ ಇರುವುದೇ ಅಂದುಕೊಂಡೆ.

ಇಂಜಿನಿಯರರ ಸಲಹೆ ಬೇರೆಯಿತ್ತು. ಒಂದು ತಿಂಗಳು ಹಳೆಯ ರಿಜಿಸ್ಟರ್ ಮತ್ತು ಹೊಸ ವ್ಯವಸ್ಥೆ ಎರಡನ್ನೂ ಜೊತೆಗೆ ನಡೆಸಿ, ಹೊಂದಿಕೆಯಾಗದ್ದನ್ನು ಪತ್ತೆ ಮಾಡೋಣ ಎಂದಿದ್ದರು. ಬಿತ್ತನೆಯ ಕಾಲ ಹತ್ತಿರ ಬಂದಿತ್ತು. ಇರುವ ಗುಮಾಸ್ತರು ಎರಡು ಕೆಲಸ ಮಾಡಲಾರರು. ಎರಡು ದಾರಿ ಬಿಟ್ಟರೆ ಎಲ್ಲರೂ ಹಳೆಯದನ್ನೇ ಹಿಡಿಯುತ್ತಾರೆ ಎಂದು ನಾನು ವಾದಿಸಿದೆ. ಸಾವ್ಕಾರರು ನನ್ನ ಮಾತಿಗೆ ಒಪ್ಪಿದರು. ಭಾನುವಾರ ಸಂಜೆ ಮೂರೂ ಕಡೆಯ ರಿಜಿಸ್ಟರುಗಳನ್ನು ಕಪಾಟಿನಲ್ಲಿಟ್ಟು ಬೀಗದ ಮೇಲೆ ಅರಗಿನ ಮುದ್ರೆ ಹಾಕಿಸಿದೆ.

ಸೋಮವಾರ ಹೊಸ ವ್ಯವಸ್ಥೆ ಶುರುವಾಯಿತು. ಮೊದಲ ಎರಡು ದಿನ ನಮ್ಮ ಗಮನವೆಲ್ಲ ಬೇರೆ ಕಡೆ ಹೋಯಿತು. ಅಫಜಲಪುರದಿಂದ ಬಸ್ಸಿನಲ್ಲಿ ಕಳಿಸಿದ ಫ್ಲಾಪಿ ಬಿಸಿಲಿಗೆ ಡೊಂಕಾಗಿ ಬಂತು. ಆಳಂದದಲ್ಲಿ ವೋಲ್ಟೇಜ್ ಕುಸಿದು ಯಂತ್ರ ಮೂರು ಸಲ ನಿಂತಿತು. ಪ್ರಿಂಟರಿನ ಕಾಗದ ಸಿಕ್ಕಿಕೊಂಡಿತು. ಇವನ್ನೆಲ್ಲ ಒಂದೊಂದಾಗಿ ಸರಿಪಡಿಸಿದೆವು. ಪ್ರತಿಯೊಂದನ್ನು ಸರಿಪಡಿಸಿದಾಗಲೂ ಕೆಲಸ ಗೆಲ್ಲುತ್ತಿದೆ ಎನ್ನಿಸಿತು. ಮಂಗಳವಾರ ಸಂಜೆ ಗಿರಣಿಗೆ ಮಾಲು ಬೇಕೆಂದು ಕಂಪ್ಯೂಟರು ತಾನಾಗಿಯೇ ಮೊದಲ ರವಾನೆ ಆದೇಶ ಮುದ್ರಿಸಿತು: ಜೇವರ್ಗಿಯಿಂದ ಆಳಂದಕ್ಕೆ, ರದ್ದು ಮಾಲು, ನೂರಹನ್ನೆರಡು ಚೀಲ. ಸಾವ್ಕಾರರು ಆ ಕಾಗದವನ್ನು ಕಚೇರಿಯವರಿಗೆಲ್ಲ ತೋರಿಸಿದರು. ಕೆಳಗೆ ನಾನು ಸಹಿ ಹಾಕಿದೆ.

ಲಾರಿ ಬುಧವಾರ ಬೆಳಿಗ್ಗೆ ಜೇವರ್ಗಿ ಬಿಟ್ಟು ಮಧ್ಯಾಹ್ನ ಆಳಂದ ಸೇರಿತು. ಇದನ್ನು ನಾನು ಕಂಡಿಲ್ಲ. ಲಾರಿಯ ಚೀಟಿ ನೋಡಿ ಹೇಳುತ್ತಿದ್ದೇನೆ.

ಗುರುವಾರ ಅಲ್ಲಿಯ ಗುಮಾಸ್ತರಿಗೆ ಕಲಿಸಲೆಂದು ಅಫಜಲಪುರಕ್ಕೆ ಹೋಗಿದ್ದೆ. ಘಟಕದ ಹಿಂದಿನ ಕೋಣೆಯಲ್ಲಿ ಮೊಳಕೆ ಪರೀಕ್ಷೆ ಮಾಡುವ ಮೇಡಂ ಕೂರುತ್ತಿದ್ದರು. ಒದ್ದೆ ಕಾಗದದ ಸುರುಳಿಯಲ್ಲಿ ನೂರು ಬೀಜ ಇಟ್ಟು, ಎಷ್ಟು ಮೊಳೆತವು ಎಂದು ಎಣಿಸುವುದು ಅವರ ಕೆಲಸ. ಹನ್ನೆರಡೂವರೆಯ ಸುಮಾರಿಗೆ ಹೊಸ ದಾಸ್ತಾನು ಪಟ್ಟಿಯ ಒಂದು ಪ್ರತಿಯನ್ನು ಅವರ ಮೇಜಿನ ಮೇಲಿಟ್ಟೆ. ಅವರು ಬೆರಳು ಇಟ್ಟು ಮೇಲಿಂದ ಕೆಳಗೆ ಓದಿದರು, ಮತ್ತೆ ಮೇಲಿಂದ ಓದಿದರು.

“ನನ್ನ ನಲವತ್ತಮೂರು ಚೀಲ ಎಲ್ಲಿ ಅವ್ರಿ ಇದ್ರಾಗ?” ಎಂದು ಕೇಳಿದರು.

ಯಾವ ನಲವತ್ತಮೂರು ಎಂದೆ. ಪರೀಕ್ಷೆಯಲ್ಲಿ ಬಿದ್ದ ಹೋದ ವರ್ಷದ ಬೀಜ ಎಂದರು. ರದ್ದು ಮಾಲಿನಲ್ಲಿ ಇರಬೇಕು, ಜೇವರ್ಗಿಯಲ್ಲಿ ಎಂದೆ.

“ರದ್ದು ಅಂದ್ರ? ಗಿರಣಿಗೆ ಹೋಗೂ ರದ್ದೇನ್ರಿ? ಅವು ಔಷಧ ಹಚ್ಚಿದ್ವು ಸರ್.”

ನನ್ನ ಕೈಯಲ್ಲಿ ಮಂಗಳವಾರದ ಆದೇಶದ ಕಾರ್ಬನ್ ಪ್ರತಿಯಿತ್ತು. ಅದನ್ನು ಅವರಿಗೆ ಕೊಟ್ಟೆ. ಓದಿ, ತಾವೇ ಸಮಾಧಾನ ಹೇಳಿಕೊಳ್ಳುವಂತೆ, ಮುಕಾದಮ ಏರಿಸಿರುವುದಿಲ್ಲ, ಕರಿ ಎಳೆ ಕಟ್ಟಿರುತ್ತಾನೆ, ಅದನ್ನು ಕಂಡರೆ ಹಮಾಲರು ಚೀಲ ಮುಟ್ಟುವುದಿಲ್ಲ ಎಂದರು. ಕರಿ ಎಳೆಯ ಸಂಗತಿ ನಾನು ಪೂರ್ತಿ ಕೇಳಿದ್ದು ಆಗಲೇ.

“ಎಳಿ ಬಿಚ್ಚಿಸೀನಿ ನಾನು” ಎಂದೆ.

ಅವರು ಕುರ್ಚಿಯಿಂದ ಎದ್ದರು.  ಗೋಡೆಯ ಮೊಳೆಯಿಂದ ತಮ್ಮ ಚೀಲ ತೆಗೆದುಕೊಂಡರು.

ಜೇವರ್ಗಿಗೆ ಫೋನು ಸಿಗಲಿಲ್ಲ. ಆಳಂದದ ಕಚೇರಿಯಲ್ಲಿ ಫೋನು ಹೊಡೆದುಕೊಳ್ಳುತ್ತಿತ್ತು, ಎತ್ತುವವರಿರಲಿಲ್ಲ. ಬೇಸಿಗೆಯಲ್ಲಿ ನಮ್ಮ ಗಿರಣಿ ಬೆಳಿಗ್ಗೆ ಆರರಿಂದ ಒಂದರವರೆಗೆ. ಊಟದ ಹೊತ್ತು ಹತ್ತಿರವಾದರೆ ಕಚೇರಿಯೂ ಖಾಲಿಯಾಗುತ್ತಿತ್ತು. ಒಂದಕ್ಕೆ ಐದು ನಿಮಿಷವಿರುವಾಗ ಕಂಪನಿಯ ಜೀಪಿನಲ್ಲಿ ಹೊರಟೆವು, ನಾನು, ಮೇಡಂ ಮತ್ತು ಡ್ರೈವರ್. ದಾರಿಯಲ್ಲಿ ಮೇಡಂ ಒಂದೇ ಪ್ರಶ್ನೆ ಕೇಳಿದರು: ಗಿರಣಿಯಲ್ಲಿ ತೊಗರಿ ಚೀಲದಿಂದ ಬೇಳೆಯಾಗಲು ಎಷ್ಟು ದಿನ ಹಿಡಿಯುತ್ತದೆ? ನಾನು ಹೇಳಿದೆ. ಮೊದಲ ದಿನ ರೋಲ್ ಯಂತ್ರದ ಒರಟು ಉರುಳೆಯಲ್ಲಿ ಸಿಪ್ಪೆ ಕೆರೆಸಿ ಎಣ್ಣೆ ಹಚ್ಚುತ್ತಾರೆ, ಆಮೇಲೆ ಎರಡು ಮೂರು ದಿನ ಅಂಗಳದಲ್ಲಿ ಒಣಗಿಸುತ್ತಾರೆ, ಒಡೆಯುವುದು ಕೊನೆಗೆ. ಹಾಗಾದರೆ ಬೇಳೆ ಇನ್ನೂ ಆಗಿಲ್ಲ ಎಂದರು. ಆಗಿಲ್ಲ ಎಂದೆ. ಐದು ನಿಮಿಷ ಹಗುರವಾಗಿ ಉಸಿರಾಡಿದೆವು.

ಆಮೇಲೆ ನನಗೆ ನುಚ್ಚು ನೆನಪಾಯಿತು.

ರೋಲಿನಿಂದ ಬರುವ ಮುರುಕು ಕಾಳನ್ನು ಜರಡಿ ಹಿಡಿದು, ದಿನದ ಕೆಲಸ ಮುಗಿದ ಮೇಲೆ ಹೆಣ್ಣಾಳುಗಳು ತಲೆಗೊಂದು ಸೇರಿನಂತೆ ಮನೆಗೆ ಒಯ್ಯುವುದು ನಮ್ಮ ಗಿರಣಿಯ ರೂಢಿ. ಯಾವ ರಿಜಿಸ್ಟರಿನಲ್ಲೂ ಇಲ್ಲದ ರೂಢಿ. ಸಂಜೆ ಅದೇ ಅವರ ಮನೆಯ ಬೇಳೆ.

ಚೌಡಾಪುರದಲ್ಲಿ ರಸ್ತೆ ಬದಿಯ ಫೋನ್ ಬೂತ್ ಮುಂದೆ ಜೀಪು ನಿಲ್ಲಿಸಿದೆ. ಮೂರನೇ ಸಲಕ್ಕೆ ಆಳಂದ ಸಿಕ್ಕಿತು. ಎತ್ತಿದವನು ಗಿರಣಿಯ ಮಿಸ್ತ್ರಿ. ರದ್ದು ಮಾಲು ರೋಲಿಗೆ ಹಾಕಿದ್ದೀರಾ ಎಂದು ಕೇಳಿದೆ. ಬೆಳಿಗ್ಗೆಯಿಂದ ಇಪ್ಪತ್ತಾರು ಚೀಲ ಆಗಿವೆ, ಅಂಗಳದಲ್ಲಿ ಹರಡಿದೆ, ಒಂದಿಷ್ಟು ಗಂಧಕದ ವಾಸನೆ ಬಂತು, ಗೋದಾಮಿನಲ್ಲಿ ಹುಳಕ್ಕೆ ಗುಳಿಗೆ ಇಟ್ಟಿರಬೇಕು ಅಂದುಕೊಂಡೆ ಎಂದ.

“ನುಚ್ಚು?”

“ಹೆಣ್ಮಕ್ಕಳು ಒಯ್ದಾರ್ರಿ. ಒಂದಕ್ಕ ಸೂಟಿ ಆತಲ್ರಿ.”

ಬೂತ್‌ನಲ್ಲಿ ನನ್ನ ಹಿಂದೆ ನಾಲ್ಕೈದು ಜನ ಸರದಿಗೆ ನಿಂತಿದ್ದರು. ನಾನು ವಿಷ ಎಂಬ ಮಾತು ಆಡಲಿಲ್ಲ. ಗಿರಣಿ ಮತ್ತೆ ಶುರು ಮಾಡಬೇಡ, ಅಂಗಳದ ಮಾಲಿನ ಹತ್ತಿರ ಯಾರನ್ನೂ ಬಿಡಬೇಡ, ಹಾಜರಿ ಪುಸ್ತಕ ನೋಡಿ ಇವತ್ತು ನುಚ್ಚು ಒಯ್ದವರೆಲ್ಲರಿಂದ ಈಗಲೇ ವಾಪಸ್ ತಗೋ ಎಂದೆ. ಯಾಕೆ ಎಂದು ಕೇಳಿದ. ಬಂದು ಹೇಳುತ್ತೇನೆ ಎಂದೆ. ಆ ಬೂತ್‌ನಲ್ಲಿ ಯಾರಾದರೂ ಕೇಳಿಸಿಕೊಂಡರೆ ಏನಾಗುತ್ತದೆ ಎಂಬ ಅಂಜಿಕೆಗೆ ನಾನು ಆಗ ಬೆಲೆ ಕೊಟ್ಟೆ. ಅದು ನನ್ನ ಎರಡನೇ ತಪ್ಪು.

ಆಳಂದ ಮುಟ್ಟಿದಾಗ ಮೂರೂಮುಕ್ಕಾಲು. ಅಂಗಳಕ್ಕೆ ಕಾವಲು ನಿಂತಿತ್ತು. ಹದಿನಾಲ್ಕು ಹೆಂಗಸರು ನುಚ್ಚು ಒಯ್ದಿದ್ದರು, ಇಬ್ಬರು ವಾಪಸ್ ಕೊಟ್ಟಿದ್ದರು. ಮನೆಯಲ್ಲಿ ಸಿಕ್ಕ ಉಳಿದವರು ಕೊಡುವುದಿಲ್ಲವೆಂದು ಬಾಗಿಲಲ್ಲೇ ಹೇಳಿ ಕಳಿಸಿದ್ದರು. ಕಾರಣ ಮಿಸ್ತ್ರಿ ತಲೆ ತಗ್ಗಿಸಿ ಹೇಳಿದ. ಕಂಪ್ಯೂಟರು ಬಂದ ಮೇಲೆ ಒಂದೊಂದು ಕಾಳೂ ಅದರೊಳಗೆ ಬರೆಯಲ್ಪಡುತ್ತದೆ, ಇನ್ನು ನುಚ್ಚಿನ ರೂಢಿ ನಿಲ್ಲುತ್ತದೆ ಎಂಬ ಮಾತು ವಾರದಿಂದ ಓಣಿಯಲ್ಲಿ ಹಬ್ಬಿತ್ತಂತೆ. ಇವತ್ತು ಮಿಸ್ತ್ರಿ ಬಾಗಿಲು ತಟ್ಟಿದಾಗ ಅದು ನಿಜವಾಯಿತು ಅಂದುಕೊಂಡಿದ್ದರು. ಆ ಮಾತು ಎಲ್ಲಿಂದ ಹುಟ್ಟಿತೆಂದು ನನಗೆ ಗೊತ್ತಿಲ್ಲ. ಒಂದು ಕಾಳೂ ಲೆಕ್ಕ ತಪ್ಪುವುದಿಲ್ಲ ಎಂದು ಎಣಿಕೆಯ ವಾರದಲ್ಲಿ ನಾನೇ ಹತ್ತು ಜನರ ಮುಂದೆ ಹೇಳಿದ್ದೆ.

ಸಾವ್ಕಾರರು ಕಚೇರಿಯ ಬಾಗಿಲಲ್ಲಿ ನಿಂತಿದ್ದರು. ಎಲ್ಲವನ್ನೂ ಹೇಳಿದೆ.  ಅವರು ಮೇಡಂ ಕಡೆ ನೋಡಿ ಎಷ್ಟು ಅಪಾಯ ಎಂದು ಕೇಳಿದರು. ಔಷಧದ ಚೀಲ ಯಾವುದು, ಬರೀ ಚೀಲ ಯಾವುದು ಎಂದು ಈಗ ಹೇಳಲಾಗುವುದಿಲ್ಲ, ಒಂದು ಹಿಡಿಯಲ್ಲಿ ಏನೂ ಇರದಿರಬಹುದು, ಇನ್ನೊಂದು ಹಿಡಿಯಲ್ಲಿ ಬಹಳ ಇರಬಹುದು, ದೊಡ್ಡವರು ತಡೆದುಕೊಂಡರೂ ಕೂಸುಗಳು ತಡೆಯಲಾರವು ಎಂದರು ಮೇಡಂ. ಸಾವ್ಕಾರರು ನನ್ನನ್ನು ಪಕ್ಕಕ್ಕೆ ಕರೆದರು.

“ವಿಷ ಅಂತ ಹೇಳಬ್ಯಾಡ್ರಿ. ಒಮ್ಮೆ ಬಾಯಿಂದ ಹೊಂಟ್ರ ನಮ್ಮ ಬ್ಯಾಳಿ ಯಾರೂ ಮುಟ್ಟೂದಿಲ್ಲ, ಮುನ್ನೂರು ಮಂದಿ ಮನೀಗಿ ಹೋಗ್ತಾರ. ಹುಳ ಬಿದ್ದಾವ ಅಂತ ಹೇಳ್ರಿ. ಒಂದು ಸೇರಿಗಿ ಎರಡು ಸೇರು ಚೊಲೊ ಬ್ಯಾಳಿ ಕೊಡ್ರಿ.”

ಅವರು ಕೆಟ್ಟವರಲ್ಲ. ಆ ಹೊತ್ತಿಗೆ ಆ ಮಾತು ನನಗೂ ಸರಿಯೆನಿಸಿತು, ಇದನ್ನು ಮುಚ್ಚಿಡುವುದಿಲ್ಲ.

ಒಂದು ಚೀಲ ಒಳ್ಳೆಯ ಬೇಳೆ ಹೊರಿಸಿಕೊಂಡು ಗಿರಣಿಯ ಹಿಂದಿನ ಓಣಿಗೆ ಹೋದೆವು. ಹೆಣ್ಣಾಳುಗಳಲ್ಲಿ ಹಿರಿಯಳಾದ ಒಬ್ಬಳು ಕಟ್ಟೆಯ ಮೇಲೆ ಕೂತು ಮೊರದಲ್ಲಿ ಅದೇ ನುಚ್ಚನ್ನು ಕೇರುತ್ತಿದ್ದಳು. ಎಲ್ಲರೂ ಅವಳು ಏನು ಮಾಡುತ್ತಾಳೆಂದು ನೋಡುವವರು. ನುಚ್ಚಿನಲ್ಲಿ ಹುಳ ಬಿದ್ದಿದೆ, ವಾಪಸ್ ಕೊಡು, ಬದಲು ಬೇಳೆ ಕೊಡುತ್ತೇವೆ ಎಂದೆ.

ಅವಳು ಮೊರ ನಿಲ್ಲಿಸಲಿಲ್ಲ. “ಹುಳ ಇದ್ರ ಕೇರಿ ಒಗೀತೇವ್ರಿ. ಹುಳಕ್ಕ ಅಂಜಿ ನುಚ್ಚು ಬಿಡೂ ಮಂದಿ ಏನ್ರಿ ನಾವು? ಇವತ್ತ ಬ್ಯಾಳಿ ಕೊಡ್ತೀರಿ, ನಾಳಿಗಿ ಏನ್ ಕೊಡ್ತೀರಿ? ನಿಮ್ಮ ಪೆಟಗಿ ಬಂದು ಮೂರು ದಿನ ಆಗಿಲ್ಲ, ನಮ್ಮ ಸೇರಿಗಿ ಕೈ ಹಾಕೇದ.”

ಸುತ್ತ ನಿಂತ ಹೆಂಗಸರು ನಕ್ಕರು. ಒಬ್ಬಳು, “ಸಾಹೇಬ್ರ, ಮನಿಗಿ ಬಂದು ನಮ್ಮ ಗಡಗೀನೂ ಎಣಿಸಿಕೊಂಡು ಹೋಗ್ರಿ” ಎಂದಳು. ಆ ನಗೆಯ ನಡುವೆ ಎದುರು ಮನೆಯ ಹಂಚಿನ ಸಂದಿನಿಂದ ಹೊಗೆ ಏಳುವುದನ್ನು ಕಂಡೆ. ಯಾರೋ ಒಲೆ ಹೊತ್ತಿಸಿದ್ದರು. ಮೇಡಂ ಕೂಡ ಅದನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು. ನಾನು ಹೇಳದಿದ್ದರೆ ಅವರು ಹೇಳುತ್ತಿದ್ದರು. ಆದರೆ ಅವರು ಒಂದು ಕ್ಷಣ ನನಗಾಗಿ ಕಾದರು.

ನಾನು ಕಟ್ಟೆಯ ಮೇಲೆ ಕೂತೆ. “ಅಕ್ಕಾ, ಹುಳ ಅಂದದ್ದು ಸುಳ್ಳು. ಅದ್ರಾಗ ಬೀಜಕ್ಕ ಹಚ್ಚೂ ವಿಷ ಅದ. ಜೇವರ್ಗಿಯೊಳಗ ಅದಕ್ಕ ಗುರ್ತು ಕಟ್ಟಿದ್ರು. ಗುರ್ತು ಬಿಚ್ಚಿಸಿದವ ನಾನು. ಪೆಟಗಿದು ತಪ್ಪಲ್ಲ, ಸಾವ್ಕಾರ್ರದೂ ಅಲ್ಲ. ನಂದು.”

ಮೊರ ನಿಂತಿತು.  ಹಿರಿಯಳು ಮೇಡಂ ಕಡೆ ತಿರುಗಿ, “ಖರೆ ಏನವ್ವ?” ಎಂದು ಕೇಳಿದಳು. ಮೇಡಂ ಒಂದು ಹಿಡಿ ನುಚ್ಚು ತೆಗೆದುಕೊಂಡು ತಮ್ಮ ಬಿಳಿ ಕರವಸ್ತ್ರದ ಮೇಲೆ ಉಜ್ಜಿ, ನೀರು ಚಿಮುಕಿಸಿ, ಅದನ್ನು ಹರವಿ ತೋರಿಸಿದರು. ತೆಳುವಾದ ಗುಲಾಬಿ ಕಲೆ ಮೂಡಿತ್ತು. ತೊಗರಿ ಆ ಬಣ್ಣ ಬಿಡುವುದಿಲ್ಲ ಎಂಬುದು ಆ ಹೆಂಗಸರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು.

ಮುಂದಿನದನ್ನು ಮಾಡಿದವಳು ಅವಳೇ. ಎದುರು ಮನೆಯ ಬಾಗಿಲಿಗೆ ಹೋಗಿ, “ಒಲಿ ಆರಸಬೇ” ಎಂದು ಒಂದೇ ಮಾತು ಹೇಳಿದಳು. ಆಮೇಲೆ ಮನೆಮನೆಗೆ ಹೋದಳು. ಇಪ್ಪತ್ತು ನಿಮಿಷದೊಳಗೆ ಕಟ್ಟೆಯ ಮೇಲೆ ಹತ್ತು ಗಂಟು ಬಂದು ಬಿದ್ದವು. ಎದುರು ಮನೆಯವಳು ಬೇಯುತ್ತಿದ್ದ ಗಡಿಗೆಯನ್ನೇ ತಂದಿಟ್ಟಳು, ಅದು ಹನ್ನೊಂದನೆಯದು. ಮೇಡಂ ಎಲ್ಲರ ಕೈಯನ್ನೂ ಸಾಬೂನಿನಲ್ಲಿ ಮೊಣಕೈವರೆಗೆ ತೊಳೆಸಿದರು. ಮೊದಲು ಬಂದಿದ್ದ ಎರಡು ಸೇರಿ ಹದಿಮೂರು. ಎರಡು ಸಲ ಎಣಿಸಿದೆ.

ಹದಿನಾಲ್ಕನೆಯವಳು ಊರಲ್ಲಿರಲಿಲ್ಲ. ತಾಯಿಗೆ ಹುಷಾರಿಲ್ಲವೆಂದು ಎರಡು ಗಂಟೆಯ ಬಸ್ಸಿಗೆ ಹಿರೋಳ್ಳಿಗೆ ಹೋಗಿದ್ದಳು. ನುಚ್ಚನ್ನು ಸೆರಗಿನಲ್ಲಿ ಕಟ್ಟಿಕೊಂಡೇ ಹೋಗಿದ್ದಳು.

ಮಿಸ್ತ್ರಿ ಆ ಮನೆ ಬಲ್ಲವನು. ಅವನನ್ನೂ ಹಿರಿಯಳನ್ನೂ ಜೀಪಿಗೆ ಹತ್ತಿಸಿಕೊಂಡೆವು. ರಸ್ತೆ ಕೆಟ್ಟಿತ್ತು. ಒಂದು ಕಡೆ ಕುರಿಹಿಂಡು ಅಡ್ಡ ಬಂತು, ಇನ್ನೊಂದು ಕಡೆ ಚಕ್ಕಡಿ.  ಹಿರೋಳ್ಳಿ ಸೇರಿದಾಗ ಸೂರ್ಯ ಇನ್ನೂ ಮುಳುಗಿರಲಿಲ್ಲ.

ಬಾಗಿಲು ತೆರೆದಿತ್ತು. ಮಗಳು ನೀರಿಗೆ ಹೋಗಿದ್ದಳು. ತಾಯಿ ಒಲೆಯ ಪಕ್ಕ ಗೋಡೆಗೆ ಒರಗಿ ಕೂತಿದ್ದಳು, ಮುಂದೆ ಗಂಗಾಳದಲ್ಲಿ ಜೋಳದ ರೊಟ್ಟಿ ಮತ್ತು ನುಚ್ಚಿನ ಬೇಳೆ. ಅರ್ಧ ರೊಟ್ಟಿ ಮುಗಿದಿತ್ತು. ಎರಡು ದಿನ ಏನೂ ಒಳಗೆ ಹೋಗಿರಲಿಲ್ಲ, ಇವತ್ತು ಬಾಯಿಗೆ ರುಚಿ ಹತ್ತಿತು ಎಂದು ನಮ್ಮನ್ನು ನೋಡಿ ಹೇಳಿದಳು. ನಾವು ಯಾರೆಂದೂ ಕೇಳಲಿಲ್ಲ. “ಕುಂದರ್ರಿ, ಉಣ್ಣರಿ” ಎಂದಳು.

ಮೇಡಂ ಗಂಗಾಳವನ್ನು ಎತ್ತಿಕೊಂಡರು. ಹಿರಿಯಳು ಮುದುಕಿಯ ಹಿಂದೆ ಕೂತು ಅವಳನ್ನು ಹಿಡಿದುಕೊಂಡು ಬೆನ್ನು ಸವರುತ್ತಾ ಏನಾಗಿದೆಯೆಂದು ಕಿವಿಯಲ್ಲಿ ಹೇಳಿದಳು. ಕೊಡ ಹೊತ್ತು ಬಂದ ಮಗಳು ಬಾಗಿಲಲ್ಲಿ ನಿಂತು ಮೊದಲು ಜೀಪನ್ನು, ಆಮೇಲೆ ಗಂಗಾಳವನ್ನು, ಕೊನೆಗೆ ನನ್ನನ್ನು ನೋಡಿದಳು. ಅವಳು ಇನ್ನೂ ಉಂಡಿರಲಿಲ್ಲ. ನಾನು ಓಣಿಯಲ್ಲಿ ಹೇಳಿದ ಮಾತನ್ನೇ ಇಲ್ಲಿಯೂ ಹೇಳಿದೆ. ಎರಡನೇ ಸಲ ಹೇಳುವುದು ಸುಲಭವಾಗಿರಲಿಲ್ಲ.

ಆಳಂದದ ಆಸ್ಪತ್ರೆ ಮುಟ್ಟುವ ಮೊದಲು ಜೀಪಿನಲ್ಲೇ ಮುದುಕಿಗೆ ವಾಂತಿ ಶುರುವಾಯಿತು. ಮೇಡಂ ಔಷಧದ ಹೆಸರನ್ನು ಒಂದು ಚೀಟಿಯಲ್ಲಿ ಬರೆದು ಡಾಕ್ಟರ ಕೈಗೆ ಕೊಟ್ಟರು. ಆ ಚೀಟಿ ಇಲ್ಲದಿದ್ದರೆ ಬೇಸಿಗೆಯ ಕಾಲರಾ ಎಂದುಕೊಳ್ಳುತ್ತಿದ್ದೆವು ಎಂದು ಡಾಕ್ಟರು ಮರುದಿನ ಹೇಳಿದರು. ಆರನೇ ದಿನ ಅವಳು ಎದ್ದು ಕೂತಳು. ಹತ್ತನೇ ದಿನ ಮನೆಗೆ ಹೋದಳು. ಕೈನಡುಕ ಉಳಿಯಿತು. ಅದು ಮೊದಲೇ ಇತ್ತೋ, ಆಮೇಲೆ ಬಂದದ್ದೋ ಎಂದು ಮಗಳು ಒಂದೊಂದು ಸಲ ಒಂದೊಂದು ರೀತಿ ಹೇಳಿದಳು. ನಾನು ಇದಕ್ಕಿಂತ ಹೆಚ್ಚು ಹೇಳಲಾರೆ.

ಶುಕ್ರವಾರ ಬೆಳಿಗ್ಗೆ ಕಚೇರಿಯಲ್ಲಿ ಸೇರಿದೆವು. ಬಾಯಿ ಬಿಚ್ಚದ ಎಂಬತ್ತಾರು ಚೀಲಗಳಲ್ಲಿ ಒಳ್ಳೆಯದನ್ನು ಆರಿಸಿ ಉಳಿಸಬಹುದೇ ಎಂದು ಸಾವ್ಕಾರರು ಕೇಳಿದರು. ಮೇಡಂ ಆಗುವುದಿಲ್ಲ ಎಂದರು. ನೂರಹನ್ನೆರಡನ್ನೂ ಹೂಳಬೇಕು, ಜೇವರ್ಗಿಯಲ್ಲಿ ಆ ಕೋಡಿನಡಿ ಉಳಿದಿರುವುದನ್ನೂ ಹೂಳಬೇಕು, ರಿಜಿಸ್ಟರಿನ ಕಪಾಟು ಒಡೆಯಬೇಕು, ಮೂರು ತಿಂಗಳು ಎರಡೂ ಜೊತೆಗೆ ನಡೆಯಬೇಕು ಎಂದು ನಾನು ಬರೆದು ಕೊಟ್ಟೆ, ಕೆಳಗೆ ನನ್ನ ರಾಜೀನಾಮೆಯನ್ನೂ ಇಟ್ಟೆ. ಅವರು ಮೊದಲ ಹಾಳೆಗೆ ಸಹಿ ಮಾಡಿದರು, ಎರಡನೆಯದನ್ನು ಖಾನೆಯಲ್ಲಿಟ್ಟುಕೊಂಡರು. ಇಂಜಿನಿಯರ್ ತಮ್ಮ ಬಳಿಯಿದ್ದ ನನ್ನ ಸಹಿಯ ಹಾಳೆಯನ್ನು ಯಾರಿಗೂ ತೋರಿಸಲಿಲ್ಲ. ಅದನ್ನು ನನಗೇ ಕೊಟ್ಟು, “ಇದು ನಿಮ್ಮ ಹತ್ರನೇ ಇರ್ಲಿ” ಎಂದರು.

ಹಮಾಲರು ಹಾರೆ ಹಿಡಿದು ಎರಡು ದಿನ ನೆಲ ಒಡೆದರು. ಜೇವರ್ಗಿಯ ಮುಕಾದಮ ತಾನಾಗಿಯೇ ಬಂದಿದ್ದ. ತೋಡಿದ ಗುಂಡಿಯ ಅಂಚಿನಲ್ಲಿ ನಿಂತು, ಎಲ್ಲಾ ಚೀಟಿಯಲ್ಲಿದೆ ಎಂದಿದ್ದಿರಲ್ಲ ಎಂದು ನನ್ನನ್ನು ಕೇಳಲಿಲ್ಲ. ಕೇಳಿದ್ದರೆ ನನಗೆ ಹಗುರಾಗುತ್ತಿತ್ತು. ಆಮೇಲಿನ ಎರಡು ವಾರ ನಾನು ಮೂರೂ ಗೋದಾಮುಗಳಲ್ಲಿ ಪಟ್ಟಿ ಹಿಡಿದು ಅವನಂಥವರ ಪಕ್ಕ ಕೂತೆ. ಯಾವ ಗಂಟು ಯಾತಕ್ಕೆ, ಯಾವ ಮೂಲೆ ಯಾತಕ್ಕೆ, ಯಾವ ಚೀಲವನ್ನು ತಲೆಕೆಳಗಾಗಿ ಇಡುತ್ತೀರಿ, ಏಕೆ ಎಂದು ಕೇಳಿ ಬರೆದುಕೊಂಡೆ. ಹನ್ನೊಂದು ಹೊಸ ಕೋಡುಗಳು ಬಂದವು. ನುಚ್ಚಿಗೂ ಒಂದು ಕೋಡ್ ಕೊಟ್ಟು, ದಿನಕ್ಕೆ ತಲೆಗೊಂದು ಸೇರು ಎಂದು ವ್ಯವಸ್ಥೆಯಲ್ಲೇ ಬರೆಸಿದೆ. ಆ ವ್ಯವಸ್ಥೆ ಹನ್ನೆರಡು ವರ್ಷ ಚೆನ್ನಾಗಿ ನಡೆಯಿತು.

ಇದನ್ನು ಕಂಡವರು ನಾನೊಬ್ಬನೇ ಅಲ್ಲ. ಸಾವ್ಕಾರರು ತೀರಿಕೊಂಡಿದ್ದಾರೆ, ಮುಕಾದಮನೂ ತೀರಿಕೊಂಡಿದ್ದಾನೆ. ಜೀಪಿನ ಡ್ರೈವರ್ ಮತ್ತು ಇಂಜಿನಿಯರ್ ಎಲ್ಲಿದ್ದಾರೆಂದು ತಿಳಿಯದು. ಮೊಳಕೆ ಪರೀಕ್ಷೆಯ ಮೇಡಂ, ಸುಮಂಗಲಾ ಅವರು, ಅಫಜಲಪುರದಲ್ಲೇ ಇದ್ದಾರೆ. ಇದನ್ನು ಬರೆದ ಮೇಲೆ ಮೊದಲು ಓದಿದವರು ಅವರೇ, ಎರಡು ಕಡೆ ಹೊತ್ತನ್ನು ತಿದ್ದಿಕೊಟ್ಟಿದ್ದಾರೆ. ಮಿಸ್ತ್ರಿ ಖಾಜಾಸಾಬ್ ಆಳಂದದಲ್ಲಿದ್ದಾರೆ, ಕಣ್ಣು ಮಂಜಾಗಿದೆ, ನೆನಪು ಚೆನ್ನಾಗಿದೆ. ಕಟ್ಟೆಯ ಮೇಲೆ ನುಚ್ಚು ಕೇರುತ್ತಿದ್ದ ಹಿರಿಯಳು ಗುರುಬಸವ್ವ. ತೊಂಬತ್ತರ ಹತ್ತಿರ ವಯಸ್ಸು, ಅದೇ ಓಣಿಯಲ್ಲಿ ಮೊಮ್ಮಗಳ ಮನೆಯಲ್ಲಿದ್ದಾಳೆ. ಹಿರೋಳ್ಳಿಯ ಮುದುಕಿ ಆ ಮೇಲೆ ನಾಲ್ಕು ವರ್ಷ ಬದುಕಿದಳು. ಮಗಳ ಹೆಸರು ಶಾಂತಮ್ಮ. ಅವಳು ಈಗ ತಾಯಿಯ ಅದೇ ಮನೆಯಲ್ಲಿದ್ದಾಳೆ. ಉಳಿದವರನ್ನು ಈ ಬರಹಕ್ಕಾಗಿ ಭೇಟಿಯಾಗಿ ಬಂದಿದ್ದೇನೆ. ಅವಳ ಬಾಗಿಲಿಗೆ ಮಾತ್ರ ಇನ್ನೂ ಹೋಗಿಲ್ಲ.